ಒಂದ ಊರಿಗೆ ಹೋಗೂ ಮೊದಲ ಅಲ್ಲಿ ಕವಿನ್ನ ಓದಬೇಕೋ, ಹೋಗಿ ಬಂದಮ್ಯಾಲ ಓದಬೇಕೋ?

ಚಿಗರಿ ಬಸ್ಸಿನ ಓದುಗಿ (ಹುಬ್ಬಳ್ಳಿ):

ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮನಿ ಹುಬ್ಬಳ್ಳಿ, ಕೆಲಸ ಧಾರವಾಡ, ದಿನಾ ಚಿಗರಿ ಬಸ್ಸಿನ್ಯಾಗ ಹೋಗಿ ಬರೂದು. ಸೀಟ್ ಸಿಕ್ರ ಪುಸ್ತಕ ತೆಗೀತೇನಿ, ಸಿಗಲಿಲ್ಲಂದ್ರ ಒಂದ ಕೈಲೆ ಕಂಬಿ ಹಿಡಕೊಂಡು ಫೋನಿನ್ಯಾಗ ಓದ್ತೇನಿ, ನವನಗರ ಯಾವಾಗ ದಾಟಿತು ಅನ್ನೂದೂ ಗೊತ್ತಾಗೂದಿಲ್ಲ. ಓದೂದು ಬಿಟ್ರ ನಂಗ ಭಾಳ ಜೀವ ಅಂದ್ರ ಊರೂರು ತಿರಗೂದು. ದೂರ ಹೋಗಾಕ ರಜಾನೂ ಇಲ್ಲ ರೊಕ್ಕಾನೂ ಇಲ್ಲ, ಮನ್ಯಾಗ ಅವ್ವ ಒಬ್ಬಾಕೇ ಇರ್ತಾಳ, ಅದಕ್ಕ ರವಿವಾರ ಮುಂಜಾನೆ ಹೊಂಟು ರಾತ್ರಿ ಊಟಕ್ಕ ಮನಿ ಮುಟ್ಟೂ ಹಂಗಿದ್ರ ಅಷ್ಟ ಆಗ್ತೈತಿ.

ಇತ್ತೀಚಿಗೆ ಹಳೀ ಕಾವ್ಯ ಅರ್ಥಾ ಹಚ್ಚಿ ಓದಾಕತ್ತೇನಿ. ಓದ್ತಾ ಓದ್ತಾ ತಿಳೀತು, ನಮ್ಮ ಹುಬ್ಬಳ್ಳಿ-ಗದಗ ಲೈನಿನ ಆಜೂಬಾಜೂನೇ ಎಲ್ಲಾರೂ ಅದಾರ. ಕುಮಾರವ್ಯಾಸ ಹುಟ್ಟಿದ್ದ ಅಂತ ಹೇಳೂ ಕೋಳಿವಾಡ ನಮ್ಮ ಹುಬ್ಬಳ್ಳಿ ತಾಲೂಕೇ, ಪಂಪನ ಹೆಸರು ಹೇಳೂ ಅಣ್ಣಿಗೇರಿ ದಾರ್ಯಾಗ ಬರ್ತೈತಿ, ಮುಂದ ಗದಗ, ಅದರ ಮುಂದ ಲಕ್ಕುಂಡಿ. ಗೆಳತಿ ಹೇಳ್ತಾಳ, ಪೂರಾ ಓದಿ ಹೋಗು, ಇಲ್ಲಂದ್ರ ಬರೇ ಕಲ್ಲು ನೋಡಿ ಬರ್ತಿ ಅಂತ. ನಂಗ ಯಾಕೋ ಮೊದಲ ಓದಿದ್ರ ತಲಿಯೊಳಗ ಒಂದ ಚಿತ್ರ ಕುಂತಬಿಡ್ತೈತಿ, ಅಲ್ಲಿ ಹೋದಾಗ ಊರು ಅದಕ್ಕಿಂತ ಸಣ್ಣದ ಕಾಣ್ತೈತಿ ಅನಸ್ತೈತಿ. ನೀವೆಲ್ಲಾ ಹೆಂಗ ಮಾಡ್ತೀರಿ? ಖರೇನ ಕೇಳಾಕತ್ತೇನಿ.

ಬೆಟಗೇರಿಯಾಂವ:

ಅಕ್ಕಾರ, ನನ್ನ ಕೇಳಿದ್ರ ಓದೇ ಬರ್ರಿ. ನಾ ಇಲ್ಲೇ ಹುಟ್ಟಿ ಬೆಳದಾಂವ, ಸಣ್ಣಾಂವ ಇದ್ದಾಗಿಂದ ಮನಿಮಂದಿ ಜೋಡಿ ವೀರನಾರಾಯಣ ಗುಡಿಗೆ ಹೋಗ್ತಿದ್ದೆ, ಕೈ ಮುಗದು ಬರ್ತಿದ್ದೆ. ಅಲ್ಲೇ ಒಂದ ಕಂಬ ಐತಿ, ಅದಕ್ಕ ಕುಮಾರವ್ಯಾಸನ ಕಂಬ ಅಂತಾರ. ಆಂವ ಸ್ನಾನಾ ಮಾಡಿ ತೊಯ್ದ ಅರಬಿಯೊಳಗ ಬಂದು ಆ ಕಂಬಕ್ಕ ಆನಕೊಂಡ ಕುಂತು, ಮೈಮ್ಯಾಲಿನ ಅರಬಿ ಆರೂತನಕಾ ಪದ್ಯ ಕಟ್ಟತಿದ್ದ, ಅರಬಿ ಆರಿತು ಅಂದ್ರ ಅವತ್ತಿಂದು ಅಲ್ಲಿಗೆ ನಿಂತ್ತು ಅಂತ ಪ್ರತೀತಿ. ಈ ಕತಿ ಗದಗಿನ್ಯಾಗ ಎಲ್ಲಾರಿಗೂ ಬಾಯಿಪಾಠ. ಆದ್ರ ಕಾಲೇಜಿನ್ಯಾಗ ಆಂವನ ಭಾರತದ ಕರ್ಣಪರ್ವ ಓದಿದಮ್ಯಾಲ ಒಮ್ಮೆ ಸುಮ್ಮನ ಹೋಗಿ ಆ ಕಂಬದ ಮ್ಯಾಲ ಕೈ ಇಟ್ಟೆ ನೋಡ್ರಿ, ಹೊರಗ ಸುಡೂ ಬಿಸಲು, ಒಳಗ ಕಲ್ಲು ತಣ್ಣಗ, ತಲಿಯೊಳಗ ಆ ಕಾವ್ಯದ ಛಂದಸ್ಸು, ಭಾಮಿನಿ ಷಟ್ಪದಿ, ಮೂರು-ನಾಕು ಮೂರು-ನಾಕು ಅಂತ ತಾನ ಓಡಾಕತ್ತಿತು, ಅರ್ಧಾ ಮರತ ಪದ್ಯಾನೂ ಬಾಯಿಗೆ ಬಂತು. ಓದದ ಹೋಗಿದ್ರ ಅದು ಎಲ್ಲಿಂದ ಬರಬೇಕ್ರಿ?

ಪೂರಾ ಹತ್ತು ಪರ್ವ ಮುಗಿಸೇ ಬರಬೇಕು ಅಂತಲ್ಲ. ಒಂದ ಪರ್ವ ಸಾಕು, ಅದೂ ಬಾಯಿಬಿಟ್ಟ ಓದ್ರಿ, ಬರೇ ಕಣ್ಣಿಲೆ ಓದಿದ್ರ ಅದರ ಓಟ ಸಿಗೂದಿಲ್ಲ. ಹಂಗ ತ್ರಿಕೂಟೇಶ್ವರ ಗುಡಿಗೂ ಹೋಗ್ರಿ, ಅದ ಆವಾರದಾಗ ಸರಸ್ವತಿ ಗುಡಿ ಐತಿ, ಓದೂ ಮಂದಿ ಅದನ್ನ ಬಿಟ್ಟು ಹೋಗಬಾರದು, ಕಂಬದ ಕುಸುರಿ ಕೆಲಸ ಹತ್ರ ನಿಂತು ನೋಡಬೇಕು.

ಇನ್ನ ಲಕ್ಕುಂಡಿ. ಗದಗ ಬಸ್ ಸ್ಟ್ಯಾಂಡಿನಿಂದ ಹೊಸಪೇಟಿ ರೋಡಿಗೆ ಸುಮಾರು 12 ಕಿಲೋಮೀಟರ್. ಅಲ್ಲಿ ಬ್ರಹ್ಮಜಿನಾಲಯ ಅನ್ನೂ ಜೈನ ಗುಡಿ ದಾನಕ್ಕ ಹೆಸರಾದ ಅತ್ತಿಮಬ್ಬೆ ಕಟ್ಟಿಸಿದ್ದು, 1007ರ ಸುಮಾರಿಂದು, ಒಳಗ ನಾಕು ಮುಖದ ಬ್ರಹ್ಮನ ಮೂರ್ತಿ ಐತಿ. ಗುಡಿ ಚಂದ ಐತಿ ಅನ್ನೂದು ಎಲ್ಲಾರಿಗೂ ಗೊತ್ತು. ನಂಗ ಗುಡಿಗಿಂತ ದೊಡ್ಡದು ಅನ್ಸೂದು ಆಕಿ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು. ಪ್ರೆಸ್ ಇಲ್ಲದ ಕಾಲ, ಒಂದೊಂದ ಪ್ರತಿನೂ ತಾಳೆಗರಿ ಮ್ಯಾಲ ಕಂಟದಿಂದ ಕೊರದ ಬರೀಬೇಕು, ಹಂತಾವು ಸಾವಿರ! ರನ್ನಗ ಆಶ್ರಯ ಕೊಟ್ಟಾಕಿನೂ ಆಕಿನ. ನಾವು ಇವತ್ತ ಕನ್ನಡ ಪುಸ್ತಕ ಓದಾಕತ್ತೇವಿ ಅಂದ್ರ ಆಕಿಗೆ ಒಮ್ಮೆ ಕೈ ಮುಗದು ಬರಬೇಕ್ರಿ. ಮುಸ್ಕಿನ ಬಾವಿ ಪಾವಟಿಗಿ ಇಳದು ನೋಡೂದ ಬಿಡಬ್ಯಾಡ್ರಿ.

ಸಾಧನಕೇರಿ ದಂಡಿಯವರು:

ತಂಗಿ, ನಾ ಇದನ್ನ ಒಪ್ಪಂಗಿಲ್ಲ. ಮೊದಲ ಹೋಗು, ಆಮ್ಯಾಲ ಓದು. ಓದಿ ಹೋದವರ ಕಣ್ಣು ಪುಸ್ತಕದಾಗ ಇದ್ದದ್ದನ್ನಷ್ಟ ಹುಡುಕ್ತದ. ನಮ್ಮ ಓಣಿಗೆ ಬೇಂದ್ರೆಯವರ ಮನಿ ನೋಡ್ಲಿಕ್ಕೆ ಮಂದಿ ಬರ್ತಾರ, ಫೋಟೋ ತಗೊಂಡು ಹೋಗಿಬಿಡ್ತಾರ, ಎದುರಿಗೆ ಕೆರಿ ಅದ, ಅದರ ದಂಡಿಗೆ ಹತ್ತು ಮಿನಿಟು ಕೂಡಂಗಿಲ್ಲ. ಶ್ರಾವಣದಾಗ ಬಾ ನೀನು. ಧಾರವಾಡದ ಜಿಟಿಜಿಟಿ ಮಳಿ ಹಿಡದಾಗ ಕೆರಿ ದಂಡಿಗೆ ಕೂತು, ನೀರಿನ ಮ್ಯಾಲ ಮಳಿ ಬೀಳೂದು ನೋಡಿ, ತೊಯಿಸಿಕೊಂಡು ಮನಿಗೆ ಹೋಗಿ ಆಮ್ಯಾಲ ಅವರ ಪದ್ಯ ತಗಿ. ಟಿಪ್ಪಣಿ ಬೇಕಾಗಂಗಿಲ್ಲ.

ಅಣ್ಣಿಗೇರಿನೂ ಹಂಗ. ಅಮೃತೇಶ್ವರ ಗುಡಿ ಭಾಳ ಛಂದ ಅದ, ಆದ್ರ ಪಂಪ ಎಲ್ಲಿ ಅಂತ ಹುಡುಕಿದ್ರ ಏನೂ ಸಿಗಂಗಿಲ್ಲ. ರೈಲಿನ ಕಿಡಕಿ ಹತ್ರ ಕೂತು ಹೊರಗ ನೋಡ್ಕೋತ ಹೋಗು, ಕಣ್ಣು ಮುಟ್ಟೂತನಕಾ ಎರಿ ಭೂಮಿ. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಾಗ ಒಂದು ಶಾಸನ ಹಾಕಿಸ್ಯಾನ, ಅದರಾಗ ತಮ್ಮ ತಾಯಿ ಅಬ್ಬಣಬ್ಬೆ ಬೆಳ್ವೊಲದ (ಈ ಕಡೆ ನಾಡಿನ ಹಳೀ ಹೆಸರು) ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳು ಅಂತ ಬರ್ಸ್ಯಾನ. ಅಷ್ಟು ದೂರ ಹೋದ ಮಗ ತಾಯಿ ಕಡೆಯ ಊರು ನೆನಸ್ಯಾನ ನೋಡು. ಈ ಕರೀ ನೆಲ ಒಮ್ಮೆ ಕಣ್ಣಿಲೆ ನೋಡಿದ್ರ ಬೆಳ್ವೊಲ ಅಂದ್ರ ಏನಂತ ಯಾರೂ ಹೇಳಿಕೊಡಬೇಕಾಗಂಗಿಲ್ಲ.

ಪುಸ್ತಕ ಬೇಕಾದ್ರ ಕೆಲಸ ಮುಗಿಸಿ ಸುಭಾಸ ರೋಡಿನ ಮನೋಹರ ಗ್ರಂಥಮಾಲಾ ಪ್ರಕಾಶನದ ಅಟ್ಟ ಹತ್ತು. 1933ರಾಗ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಆ ಅಟ್ಟನೂ ಒಂದು ನೋಡೂ ಜಾಗಾನ.

ಹಾವೇರಿ ಮಾಸ್ತರ:

ಇಬ್ಬರದೂ ಓದಿದೆ. ನಾ ಮಾಡೂದು ಹೇಳ್ತೇನ್ರಿ, ದಪ್ಪ ಪುಸ್ತಕ ಮನ್ಯಾಗ ಬಿಟ್ಟು, ಆ ಊರಿಗೆ ಸಂಬಂಧಪಟ್ಟ ನಾಕೈದು ಪುಟ ಜೆರಾಕ್ಸ್ ಮಾಡಿಸಿ ಮಡಚಿ ಕಿಸೆದಾಗ ಇಟಗೊಂಡು ಹೋಗ್ತೇನಿ. ಮೊದಲ ಊರು ಸುತ್ತತೇನಿ, ಚಾ ಕುಡೀತೇನಿ, ಆಮ್ಯಾಲ ಅಲ್ಲೇ ಕಟ್ಟಿ ಮ್ಯಾಲ ಕುಂತು ಓದ್ತೇನಿ. ಉಳಿದದ್ದು ಮನಿಗೆ ಬಂದು. ಅಲ್ಲೇ ಕುಂತು ಓದಿದ ಪುಟ ಮರೆಯೂದ ಇಲ್ಲ.

ಗದಗ ಮುಗದಮ್ಯಾಲ ನಮ್ಮ ಕಡೆನೂ ಬರ್ರಿ. ಶಿಶುನಾಳಕ್ಕ ಬರೂವಾಗ ಜೆರಾಕ್ಸೂ ಬ್ಯಾಡ, ಶರೀಫಜ್ಜನ ಪದಾ ಓದೂವಲ್ಲ, ಕೇಳೂವು, ಗದ್ದಗಿ ಹತ್ರ ಯಾರರೆ ಭಜನಿಯವರು ಸಿಕ್ರ ಕುಂತು ಕೇಳ್ರಿ. ಸವಣೂರು ವಿ.ಕೃ. ಗೋಕಾಕರ ಹುಟ್ಟೂರು, ಅಲ್ಲಿ ದೊಡ್ಡಹುಣಸೆ ಮರ ಆಫ್ರಿಕಾ ಕಡೆ ಜಾತಿವು, ಬುಡಾ ನೋಡಿದ್ರ ಬೆರಗಾಗ್ತೀರಿ. ಗಳಗನಾಥಕ್ಕಂತೂ ಓದೂ ಮಂದಿ ಒಮ್ಮೆ ಹೋಗಲೇಬೇಕು, ವರದಾ ತುಂಗಭದ್ರಾ ಕೂಡೂ ಜಾಗಾ, ಹೊಳಿ ದಂಡಿಗೆ ಗಳಗೇಶ್ವರ ಗುಡಿ. ಕಾದಂಬರಿ ಬರದ ಗಳಗನಾಥರು ತಾವ ಬರದ ಪುಸ್ತಕ ಗಂಟು ಕಟ್ಟಿ ತಲಿ ಮ್ಯಾಲ ಹೊತಗೊಂಡು ಊರೂರು ಅಡ್ಡಾಡಿ ಮಾರಿ ಕನ್ನಡ ಓದೂ ಚಟಾ ಹಚ್ಚಿದವರು. ನಮ್ಮ ಜಿಲ್ಲಾದ ರೋಡಿನ್ಯಾಗ ಬಸ್ಸಿನ್ಯಾಗ ಕುಂತು ಓದೂವಾಗ ನಂಗ ಅವರು ನೆನಪಾಗ್ತಾರ.

ಚಿಗರಿ ಬಸ್ಸಿನ ಓದುಗಿ:

ಎಲ್ಲಾರಿಗೂ ಭಾಳ ಧನ್ಯವಾದ್ರಿ. ಅತ್ತಿಮಬ್ಬೆಯ ಸಾವಿರ ಪ್ರತಿ ಓದಿ ಮೈ ಝುಂ ಅಂತು, ಅವ್ವಗೂ ಹೇಳಿದೆ, ಆಕಿನೂ ಬರ್ತೇನಿ ಅಂತಾಳ! ಹಂಗಾಗಿ ಗದಗ ಮತ್ತ ಲಕ್ಕುಂಡಿ ಓದಿ ಹೋಗ್ತೇನಿ, ಕರ್ಣಪರ್ವ ಇವತ್ತಿಂದ ಶುರು, ರಾತ್ರಿ ಅವ್ವನ ಮುಂದ ಬಾಯಿಬಿಟ್ಟ ಓದ್ತೇನಿ. ಸಾಧನಕೇರಿಗೆ ಮಾತ್ರ ಕಾಕಾರು ಹೇಳಿದಂಗ ಏನೂ ಓದಲಾರದ ಬರ್ತೇನಿ, ಶ್ರಾವಣಕ್ಕ. ಬೆಟಗೇರಿ ಅಣ್ಣಾರ, ಅವ್ವಗ ಮೊಣಕಾಲು ನೋವು, ಲಕ್ಕುಂಡಿಯೊಳಗ ಭಾಳ ನಡೀಬೇಕೇನ್ರಿ?

ಬೆಟಗೇರಿಯಾಂವ:

ಗುಡಿ ಎಲ್ಲಾ ಊರಾಗ ಅಲ್ಲಲ್ಲೆ ಚದರ್ಯಾವ್ರಿ, ನಡಕೊಂಡು ಹೋದ್ರ ಅವ್ವಾರಿಗೆ ತ್ರಾಸ ಆಗ್ತೈತಿ. ಗದಗಿನಿಂದ ಆಟೋ ಮಾತಾಡ್ಕೊಂಡು ಬರ್ರಿ, ಹತ್ತೂ ಮೊದಲ ರೇಟು ಠರಾಯಿಸಿಕೊಳ್ರಿ. ಮೊದಲ ಬ್ರಹ್ಮಜಿನಾಲಯ, ಆಮ್ಯಾಲ ಅಲ್ಲೇ ಇರೂ ಕಾಶಿ ವಿಶ್ವನಾಥ ಗುಡಿ. ಬಾವಿ ಪಾವಟಿಗಿ ಅವರು ಇಳಿಯೂದ ಬ್ಯಾಡ, ಮ್ಯಾಲಿಂದನ ನೋಡ್ಲಿ. ಮಧ್ಯಾಹ್ನ ಬಿಸಲು ಏರೂದ್ರಾಗ ಲಕ್ಕುಂಡಿ ಮುಗಿಸಿ ಗದಗಕ್ಕ ಬಂದು ಊಟಾ ಮಾಡ್ರಿ, ವೀರನಾರಾಯಣ ಸಂಜೀ ಮುಂದ ಇಟಗೊಳ್ರಿ, ಮಧ್ಯಾಹ್ನ ಬಾಗಿಲಾ ಹಾಕಿದ್ರ ಸುಮ್ಮನ ಕಾಯಬೇಕಾಗ್ತೈತಿ.