ಷಾಂಪೇನ್ ಜಾಹೀರಾತಿನ ಬೀಸಣಿಗೆ: ಅಸಲಿಯೇ? ಮಳೆಗಾಲದಲ್ಲಿ ಇಡೋದು ಹೇಗೆ?

ಕಡಲತಡಿ:
ಪ್ಯಾರಿಸ್‌ನ ಮಡಿಸುವ ಕಾಗದದ ಬೀಸಣಿಗೆಯೊಂದು ಮಾರಾಟಕ್ಕಿದೆ. ಮುಂದೆ ಹೆಂಗಸಿನ ಚಿತ್ರ, ಹಿಂದೆ ಷಾಂಪೇನ್ ಜಾಹೀರಾತು. 1915ರ ಸುಮಾರಿನದು ಅಂತಾರೆ. ಎರಡು ಮಡಿಕೆ ಸೀಳಿವೆ. ಅಸಲಿಯೋ ಅಲ್ಲವೋ ತಿಳಿಯೋದು ಹೇಗೆ? ಮಂಗಳೂರಿನ ತೇವಕ್ಕೆ ಉಳಿಯುತ್ತಾ?

ಹಳೇಕಾಗದ:
ಮೊದಲು 10 ಪಟ್ಟು ದೊಡ್ಡದಾಗಿಸುವ ಮಸೂರದಲ್ಲಿ ಚಿತ್ರದ ಹೆಂಗಸಿನ ಮುಖದ ಬಣ್ಣ ನೋಡಿ. ಕಲ್ಲಚ್ಚಿನದಾದರೆ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚೊತ್ತುವ ಹಳೇ ವಿಧಾನ) ಚುಕ್ಕಿಗಳು ಅಡ್ಡಾದಿಡ್ಡಿ, ಬಣ್ಣ ಒಂದರ ಮೇಲೊಂದು ಕೂತಿರುತ್ತೆ. ಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ಚುಕ್ಕಿ ಕಂಡರೆ ಅದು ಈಚಿನ ಆಫ್‌ಸೆಟ್ ಮುದ್ರಣದ ನಕಲು, ಅಲ್ಲಿಗೇ ಬಿಡಿ. ಅಂಚಿನಲ್ಲಿ ಸಣ್ಣಕ್ಷರದಲ್ಲಿ ತಯಾರಕರ ಹೆಸರು ಹುಡುಕಿ: ಗನ್ನೆ, ಷಾಂಬ್ರೆಲಾಂ, ದುವೆಲ್‌ರ್ವಾ, ಮಾಕೆ. ಹೆಸರು ಇಲ್ಲದ ಅಸಲಿಯೂ ಉಂಟು.

ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಹಿಡಿಯಿರಿ. ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ. ಅದು ಕಾಗದಕ್ಕೆ ಬಂದದ್ದು 1950ರ ಆಸುಪಾಸಿನಲ್ಲಿ. ಆಮೇಲೆ ಹಚ್ಚಿದ ತೇಪೆಯೂ ಹೊಳೆಯಬಹುದು, ಆದ್ದರಿಂದ ಇಡೀ ಹಾಳೆ ನೋಡಬೇಕು. ಬಣ್ಣ ಮಾಸಿದ ರೀತಿಯೂ ಸುಳ್ಳು ಹೇಳಲ್ಲ: ಮುಚ್ಚಿಟ್ಟ ಬೀಸಣಿಗೆಯಲ್ಲಿ ಮೇಲಂಚು, ಹೊರ ಮಡಿಕೆ ಕೊಳಕಾಗಿ ಒಳಮಡಿಕೆ ತಾಜಾ ಇರಬೇಕು. ಎಲ್ಲೆಡೆ ಒಂದೇ ಚಹಾ ಬಣ್ಣ ಅಂದರೆ ಅನುಮಾನ.

ಅಂಟುಕಡ್ಡಿ:
ಸೀಳಿಗೆ ಸೆಲ್ಲೋಟೇಪ್ ಬೇಡವೇ ಬೇಡ. ಅಂಟು ಹಳದಿಯಾಗಿ ಕಾಗದದೊಳಗೆ ಇಳಿದರೆ ತೆಗೆಯೋದು ಕಷ್ಟ. 5–6 ಮಿ.ಮೀ. ಅಗಲದ ತೆಳು ಜಪಾನಿ ಕಾಗದದ ಪಟ್ಟಿಯನ್ನು, ತೆಳ್ಳಗೆ ಮಾಡಿದ ಗೋಧಿ ಪಿಷ್ಟದ (ಗ್ಲುಟೆನ್ ತೆಗೆದ ಹಿಟ್ಟಿನ) ಅಂಟಿನಿಂದ ಹಿಂಬದಿಗೆ ಹಚ್ಚಿ. ಮೈದಾ ಗೊಂದು ಬೇಡ, ಹುಳಕ್ಕೆ ಊಟ ಇಟ್ಟಂತೆ. ಕೆಲವಕ್ಕೆ ಅಚ್ಚಿನ ಮೇಲೆ ಕೈಯಿಂದ ಜಲವರ್ಣ ತುಂಬಿರುತ್ತಾರೆ, ನೀರು ಸೋಕಿದರೆ ಹರಡುತ್ತೆ. ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಕೈ ಹಾಕಬೇಡಿ, ತಜ್ಞರಿಗೇ ಕೊಡಿ.

ಬಿಚ್ಚುವಾಗ ಜೋರಾಗಿ ಝಾಡಿಸದೆ, ಒಂದೊಂದೇ ಮಡಿಕೆ ಬಿಡಿಸಿ. ಕಾಗದ ಮುರಿಯೋದು ಮಡಿಕೆಯ ಗೀರಿನಲ್ಲೇ.

ಹಳೇಕಾಗದ:
ತೇವದ ವಿಷಯ: ಗಾಳಿಯ ಆರ್ದ್ರತೆ 65% ದಾಟಿದರೆ ಬೂಷ್ಟಿನ ಭಯ. 45–55% ಒಳ್ಳೇದು. ಆಮ್ಲರಹಿತ ರಟ್ಟಿನ ಪೆಟ್ಟಿಗೆ, ಅದೇ ಕಾಗದದ ಹೊದಿಕೆ, ಒಳಗೊಂದು ಸಣ್ಣ ಆರ್ದ್ರತಾ ಮಾಪಕ. ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಆದರೆ ಅತಿಯಾದರೆ ಕಾಗದ ಒಣಗಿ ಮಡಿಕೆ ಪುಡಿಯಾಗುತ್ತೆ. ಜಿಪ್ ಪ್ಲಾಸ್ಟಿಕ್ ಒಳಗೆ ತೇವ ಸಿಕ್ಕಿಕೊಂಡರೆ ಇನ್ನೂ ಕಷ್ಟ. ಕಡ್ಡಿಗಳ ಬುಡದ ರಿವೆಟ್ ತುಕ್ಕು ಹಿಡಿದಿದ್ದರೆ ಕಲೆ ಕಾಗದಕ್ಕೂ ಏರುತ್ತೆ; ನಡುವೆ ಹೊದಿಕೆ ಕಾಗದದ ತುಂಡು ಇಡಿ.

ಕಡಲತಡಿ:
ಚೌಕಟ್ಟು ಹಾಕಿ ಗೋಡೆಗೆ ತೂಗಿದರೆ?

ಅಂಟುಕಡ್ಡಿ:
ಗಾಜಿಗೆ ತಾಗದಂತೆ ಆಳವಾದ ಚೌಕಟ್ಟು ಆಗಬೇಕು, ಬಿಸಿಲು ಬೀಳದ ಗೋಡೆ. 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೇಡ. ಹಿಂಬದಿಯ ಜಾಹೀರಾತು ಮರೆಯಾಗುತ್ತೆ, ಸಂಗ್ರಹಕಾರರಿಗೆ ಅದೇ ಮುಖ್ಯ. ಮಳೆಗಾಲದಲ್ಲಿ ಹೊರಗೋಡೆಗಂತೂ ಬೇಡ.