ಅಪ್‌ಡೇಟ್: ಬ್ರಿಟನ್ ವೀಸಾ ಬಂತು, ಹಳೆಯ ಸಂಬಳದ ಮಿತಿಯಲ್ಲೇ

ಸ್ಕಿಲ್ಡ್ ವರ್ಕರ್ ವೀಸಾ (ಬ್ರಿಟನ್ನಿನ ಉದ್ಯೋಗ ವೀಸಾ) ಅರ್ಜಿಗೆ ಹಳೆಯ ಸಂಬಳದ ಮಿತಿಯೋ ಹೊಸದೋ ಎಂದು ಇಲ್ಲಿ ಕೇಳಿದ್ದೆನಲ್ಲ, ಆ ವೀಸಾ ಕೊನೆಗೂ ಮಂಜೂರಾಯಿತು! ಹೊಸದಾಗಿ ಓದುವವರಿಗೆ: 2025ರ ಜುಲೈ 22ರಂದು ಈ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ 38,700 ಪೌಂಡ್‌ನಿಂದ 41,700ಕ್ಕೆ ಏರಿತು. ನನ್ನ ಸಂಬಳ ಇವೆರಡರ ನಡುವೆ ಇತ್ತು. ಕಂಪನಿ ಪ್ರಾಯೋಜಕತ್ವದ ಪ್ರಮಾಣಪತ್ರ (ವೀಸಾ ಅರ್ಜಿಗೆ ಉದ್ಯೋಗದಾತರು ಕೊಡುವ ದಾಖಲೆ) ಕೊಟ್ಟದ್ದು ಆ ದಿನಕ್ಕೆ ಮೊದಲು. ವೀಸಾಕ್ಕೆ ಬೇಕಾದ ಕ್ಷಯ ಪರೀಕ್ಷೆಯ ವರದಿ ತಡವಾಗಿ, ಅರ್ಜಿ ಹಾಕಲು ಸಾಧ್ಯವಾದದ್ದು ಆಮೇಲೆ.

ಕೈಹಿಡಿದದ್ದು ನಿಯಮ ಬದಲಾವಣೆಯ ಮೂಲ ದಾಖಲೆಯನ್ನೇ ಓದಿ ಎಂದವರ ಸಲಹೆ. ಹೊಸ ನಿಯಮ ಜಾರಿಗೆ ಬರುವ ಬಗೆಯನ್ನು ವಿವರಿಸುವ ಭಾಗ ಅದರಲ್ಲಿದೆ. ಜುಲೈ 22ಕ್ಕೆ ಮೊದಲು ಕೊಟ್ಟ ಪ್ರಮಾಣಪತ್ರದ ಮೇಲೆ ಹಾಕಿದ ಅರ್ಜಿಗೆ ಜುಲೈ 21ರಂದು ಜಾರಿಯಲ್ಲಿದ್ದ ಹಳೆಯ ನಿಯಮವೇ ಅನ್ವಯ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಪ್ರತಿ ಬದಲಾವಣೆಗೂ ಈ ಭಾಗ ಬೇರೆಯಾಗಿರುತ್ತದೆ, ನಿಮ್ಮದನ್ನು ನೀವೇ ಓದಲೇಬೇಕು. ಪ್ರಮಾಣಪತ್ರಕ್ಕೆ ಮೂರು ತಿಂಗಳ ಆಯುಷ್ಯ ಮಾತ್ರ ಎಂಬುದೂ ನೆನಪಿರಲಿ.

ಹೊಸ ಪ್ರಮಾಣಪತ್ರ ಮಾಡಿಸಿಕೊಳ್ಳಿ ಎಂದು ಕೆಲವರು ನನಗೆ ಕೊಟ್ಟ ಸಲಹೆಯನ್ನು ಇಂಥ ಸ್ಥಿತಿಯಲ್ಲಿ ದಯವಿಟ್ಟು ಯಾರೂ ಪಾಲಿಸಬೇಡಿ. ಹಾಗೆ ಮಾಡಿದ್ದರೆ ದಿನಾಂಕ ಹೊಸದಾಗಿ, ನಾನು 41,700ರ ಲೆಕ್ಕಕ್ಕೆ ಸಿಕ್ಕಿಬೀಳುತ್ತಿದ್ದೆ. ವೀಸಾ ಸಹಾಯವಾಣಿಯಿಂದಲೂ ಪ್ರಯೋಜನವಾಗಲಿಲ್ಲ.

ಅಚ್ಚರಿಯೆಂದರೆ, ಪಾಸ್‌ಪೋರ್ಟ್‌ನಲ್ಲಿ ವೀಸಾ ಚೀಟಿಯೇ ಇಲ್ಲ. 2025ರ ಜುಲೈ 15ರಿಂದ ಉದ್ಯೋಗ ವೀಸಾದ ಮುಖ್ಯ ಅರ್ಜಿದಾರರಿಗೆ ಇ-ವೀಸಾ (ಆನ್‌ಲೈನ್‌ನಲ್ಲೇ ಇರುವ ಡಿಜಿಟಲ್ ವೀಸಾ) ಕೊಡುತ್ತಿದ್ದಾರೆ. ಬ್ರಿಟನ್ ವೀಸಾ ಇಲಾಖೆಯ ಆನ್‌ಲೈನ್ ಖಾತೆಗೆ ಪಾಸ್‌ಪೋರ್ಟ್ ಜೋಡಿಸಿ, ಹೆಸರು, ಜನ್ಮದಿನಾಂಕ ಸರಿಯಿವೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.