ಸಹಾಯ ಬೇಕು: ಡೀಸೆಲ್ ಕಾರಿನ ಕೂಲಂಟ್ ಸೆನ್ಸರ್ (ಇಂಜಿನ್ ತಂಪಾಗಿಡುವ ದ್ರವದ ಬಿಸಿ ಅಳೆಯುವುದು) ಬದಲಾಯಿಸಿದ ಅನುಭವ ಇದೆಯಾ?

ತುಮಕೂರಿನ ಗೆಳೆಯರೇ, ನಮಸ್ಕಾರ. ನಮ್ಮದು 2014ರ 1.3 ಲೀಟರ್ ಡೀಸೆಲ್ ಕಾರು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದರೂ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತದೆ. ಇಂಜಿನ್ ಲೈಟ್ ಆರುವುದೇ ಇಲ್ಲ. ಸ್ಕ್ಯಾನರ್ ಹಾಕಿಸಿದೆವು. ಪಿ0118 ಕೋಡ್ ಬಂತು, ಅಂದರೆ ಈ ಸೆನ್ಸರ್ ಅಥವಾ ಅದರ ವೈರಿಂಗ್‌ನಲ್ಲಿ ದೋಷ. ಕೂಲಂಟ್ ಮೈನಸ್ 40 ಡಿಗ್ರಿ ಅಂತ ತಪ್ಪಾಗಿ ತೋರಿಸಿತು.

ಸುಮ್ನೆ ಸೆನ್ಸರ್ ಬದಲಾಯಿಸುವುದು ಬೇಡ ಅಂತ ಮಲ್ಟಿಮೀಟರ್ ಇಟ್ಟು ನೋಡಿದೆ. ಕನೆಕ್ಟರ್‌ಗೆ 5 ವೋಲ್ಟ್ ಸರಿಯಾಗಿ ಬರುತ್ತಿದೆ. ಸೆನ್ಸರ್ ತಣ್ಣಗಿರುವಾಗ ಸುಮಾರು 2ರಿಂದ 3 ಸಾವಿರ ಓಮ್ ತೋರಿಸಬೇಕು, ಬಿಸಿಯಾದಂತೆ ಇಳಿಯಬೇಕು. ನಮ್ಮದರಲ್ಲಿ ಏನೂ ಬರಲಿಲ್ಲ, ಒಳಗೆ ತಂತಿ ಕಡಿದ ಹಾಗೆ. ಸೆನ್ಸರೇ ಹೋಗಿದೆ ಅನ್ನುವುದು ನನಗೆ ಖಾತ್ರಿ. ಹೊಸದು ತಂದಿಟ್ಟಿದ್ದೇನೆ.

ಭಯ ಇರುವುದು ಬಿಚ್ಚುವಾಗ. ಸೆನ್ಸರ್ ಇರುವುದು ಥರ್ಮೋಸ್ಟಾಟ್ (ಕೂಲಂಟ್ ಹರಿವು ನಿಯಂತ್ರಿಸುವ ವಾಲ್ವ್) ಹೌಸಿಂಗ್‌ನಲ್ಲಿದೆ, ಹೌಸಿಂಗ್ ಪ್ಲಾಸ್ಟಿಕ್‌ದು. ಜಾಸ್ತಿ ಬಿಗಿ ಮಾಡಿದರೆ ಸೀಳಿಬಿಡುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೆಯದು ತೆಗೆದು ತಕ್ಷಣ ಹೊಸದು ಹಾಕಿದರೆ ಸಾಕಾ, ಅಥವಾ ಕೂಲಂಟ್ ಇಳಿಸಲೇಬೇಕಾ? ಆಮೇಲೆ ಒಳಗೆ ಉಳಿದ ಗಾಳಿ ಹೇಗೆ ತೆಗೆಯುವುದು?

ಮುಂದಿನ ವಾರ ಅಮ್ಮನನ್ನು ಕಣ್ಣು ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ನೆಲಮಂಗಲದ ಟ್ರಾಫಿಕ್‌ನಲ್ಲಿ ಇಂಜಿನ್ ಬಿಸಿಯಾದರೂ ಡ್ಯಾಶ್‌ಬೋರ್ಡಿನ ಮೀಟರ್ ತೋರಿಸದಿದ್ದರೆ ಅನ್ನುವ ಚಿಂತೆ. ಕ್ಯಾತ್ಸಂದ್ರ, ಬಟವಾಡಿ ಕಡೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಇದ್ದರೂ ದಯವಿಟ್ಟು ತಿಳಿಸಿ.